ಅಕ್ಕನ ಎತ್ತರದ ಕಂಬಗಳು

ಮಾನ್ಯ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಸಮಯವನ್ನು ಅಪಹರಿಸುತ್ತಿರುವುದಕ್ಕೆ ಮೊದಲೇ ಕ್ಷಮೆ ಯಾಚಿಸಿ ನಿವೇದಿಸುವುದೇನೆಂದರೆ: ಸೂರ್ಯನು ಸಕಲರಿಗೂ ಸಮನೆಂದು ಗ್ರಂಥಗಳು ಸಾರುತ್ತವೆ. ಹಾಗೆ ಬರೆದವರು ಸೌರಫಲಕದ ಕೆಳಗೆ ಕೂತು ಕಳೆ ಕಿತ್ತವರಲ್ಲ.

ಹೊಲ ತಮ್ಮನ ಹೆಸರಿನಲ್ಲಿತ್ತು, ಬೆವರು ಅಕ್ಕನದಾಗಿತ್ತು. ಗಂಡ ಸತ್ತ ಮೇಲೆ ಬರಿಗೈಯಲ್ಲಿ ತವರಿಗೆ ಬಂದವಳು ಇಪ್ಪತ್ತೆರಡು ವರ್ಷ ಆ ನೆಲವನ್ನು ಉತ್ತು ಬಿತ್ತಿದ್ದಳು. ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದ ತಮ್ಮ ಅದನ್ನು ವಿದ್ಯುತ್ ಕಂಪನಿಗೆ ಬಾಡಿಗೆಗೆ ಕೊಟ್ಟಾಗ ನೆಲ ಕೈತಪ್ಪಿತೆಂದೇ ಅವಳು ತಿಳಿದಳು. ಆದರೆ ಕಾನೂನು ಅವಳ ಕೈ ಹಿಡಿಯಿತು. ಸಾಗುವಳಿ ಭೂಮಿಯಲ್ಲಿ ಫಲಕ ನಿಲ್ಲಿಸಬೇಕಾದರೆ ಅದರಡಿಯಲ್ಲಿ ಬೆಳೆ ಇರಲೇಬೇಕು.

"ಮೇಲೆ ಕರೆಂಟು, ಕೆಳಗೆ ನೀನು. ನಿನ್ನ ಯಾರೂ ಎಬ್ಬಿಸೋ ಹಾಗಿಲ್ಲಕ್ಕಾ" ಎಂದ ತಮ್ಮ.

ಕಂಬಗಳ ಎತ್ತರ ಗೊತ್ತುಮಾಡುವ ದಿನ, ಹಳದಿ ಟೋಪಿಯೆಂದೇ ಎಲ್ಲರೂ ಕರೆಯುತ್ತಿದ್ದ ಮೇಸ್ತ್ರಿ ಅವಳನ್ನೇ ನಿಲ್ಲಿಸಿ, ಕುಡುಗೋಲು ಹಿಡಿದ ಕೈಯನ್ನು ಮೇಲೆತ್ತಿಸಿ ಟೇಪು ಹಿಡಿದ. ಕುಡುಗೋಲಿನ ತುದಿಗಿಂತ ಒಂದು ಗೇಣು ಮೇಲೆ ಗುರುತು ಬಿತ್ತು.

"ನೋಡಮ್ಮಾ, ನಿನ್ನ ಅಳತೆಗೆ ಹೊಲಿಸಿದ ಅಂಗಿ ಇದು."

"ಕುಳ್ಳಿ ಕುಳ್ಳಿ ಅಂತಿದ್ದೋರನ್ನೆಲ್ಲ ಕರಕೊಂಡು ಬಂದು ತೋರಿಸ್ತೀನಿ ಇರು" ಎಂದು ಅವಳು ನಕ್ಕಳು.

ಮೊದಲ ವರ್ಷ ಬಿಸಿಲಿನ ಬೆಳೆ ಹಾಕಿ ಕೈ ಸುಟ್ಟುಕೊಂಡಳು. ಎರಡನೆಯ ವರ್ಷ ನೆರಳಿನ ನಡಿಗೆಯನ್ನು ಕಲಿತಳು. ಕೂಲಿಯವನು ಫಲಕ ತೊಳೆದಾಗ ನೀರೆಲ್ಲ ಕೆಳಗಂಚಿನಿಂದ ಒಂದೇ ಗೆರೆಯಾಗಿ ಬೀಳುವುದನ್ನು ಕಂಡು, ಆ ಗೆರೆಯ ಮೇಲೆಯೇ ಹುರುಳಿಕಾಯಿ ಬಿತ್ತಿ, ಕಂಬದಿಂದ ಕಂಬಕ್ಕೆ ಹುರಿ ಕಟ್ಟಿದಳು. ಬಳ್ಳಿಗಳು ಹುರಿ ಹಿಡಿದು ಫಲಕದ ಅಂಚನ್ನು ಮುಟ್ಟಿದವು.

ಹಳದಿ ಟೋಪಿ ಓಡಿಬಂದ. "ಒಂದು ಎಲೆಯ ನೆರಳು ಬಿದ್ರೂ ಇಡೀ ಸಾಲಿನ ಕರೆಂಟು ಮಲಗಿಬಿಡುತ್ತೆ. ಬೆಳೆ ಇರಬೇಕಮ್ಮಾ, ಬೆಳೀಬಾರದು!"

ತಮ್ಮನೂ ರಾಗ ಸೇರಿಸಿದ. "ತಪಾಸಣೆಯೋರು ವರ್ಷಾ ವರ್ಷಾ ಬರ್ತಾರೆ. ಕಣ್ಣಿಗೆ ಒಂಚೂರು ಹಸಿರು ಬಿದ್ರೆ ಸಾಕಕ್ಕಾ."

"ಹಸಿರೇ ಬೇಕಿದ್ರೆ ಒಂದು ಡಬ್ಬಿ ಬಣ್ಣ ತಗೊಂಡು ಬಾರೋ. ನಾನು ಹಾಕಿರೋದು ಬೀಜ."

ಆದರೂ ದಿನ ಬೆಳಗಾದರೆ ಸಾಲು ಸಾಲಾಗಿ ಕುಡಿ ಚಿವುಟಿದಳು. ಕುಡಿ ಚಿವುಟಿದಷ್ಟೂ ಕವಲೊಡೆದು ಗೊಂಚಲು ಗೊಂಚಲಾಗಿ ಕಾಯಿ ಜೋತುಬಿದ್ದವು.

ತಪಾಸಣಾಧಿಕಾರಿ ಬಂದು ಬೆರಗಾಗಿ ನಿಂತರು. ಒಂದು ಕಾಯಿ ಮುರಿದು ಹಸಿಯಾಗಿಯೇ ಅಗಿದರು. "ಎಲ್ಲಾ ಕಡೆ ನಾಲ್ಕು ಒಣಕಲು ಗಿಡ ನೆಟ್ಟು ನನ್ನ ಕಣ್ಣಿಗೆ ಮಣ್ಣೆರಚ್ತಾರೆ. ಇದಪ್ಪಾ ಬೇಸಾಯ ಅಂದ್ರೆ!" ಎಂದು, ಮಾದರಿ ತೋಟವೆಂದು ಬರೆದು, ಹತ್ತು ವರ್ಷ ತಪಾಸಣೆಯಿಂದ ವಿನಾಯಿತಿ ಕೊಟ್ಟು ಸಹಿ ಹಾಕಿದರು. ಅಕ್ಕ ಅವರ ಕಾರಿನಲ್ಲಿ ಒಂದು ಚೀಲ ಕಾಯಿ ಇಟ್ಟಳು. ಹತ್ತು ವರ್ಷ! ಅಷ್ಟರಲ್ಲಿ ಅವಳಿಗೆ ಅರವತ್ತೆರಡಾಗುತ್ತಿತ್ತು. ಅಲ್ಲಿಯವರೆಗೆ ನೆಲ ತನ್ನದೆಂದುಕೊಂಡಳು.

ಮೂರನೆಯ ದಿನ ಹಳದಿ ಟೋಪಿ ಏನೂ ಮೊಳೆಯದಂತೆ ನೆಲಕ್ಕೆ ಹೊದಿಸುವ ಕಪ್ಪು ಹಾಳೆಯ ಸುರುಳಿಗಳನ್ನು ಇಳಿಸಿದ. ಜೊತೆಗೆ ತಮ್ಮನೂ ಇದ್ದ.

"ಇನ್ನು ಹತ್ತು ವರ್ಷ ಯಾರೂ ನೋಡೋಕೆ ಬರಲ್ಲಕ್ಕಾ. ಕುಡಿ ಚಿವುಟೋ ರಗಳೆ ಯಾಕೆ ನಿಂಗೆ?"

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅಲ್ವೇನೋ?"

"ಹಾಗಲ್ಲಕ್ಕಾ. ನೀನು ಚೆನ್ನಾಗಿ ಬೆಳೆದದ್ದಕ್ಕೇ ತಾನೇ ವಿನಾಯಿತಿ ಸಿಕ್ಕಿದ್ದು? ಮನೇಲಿ ಆರಾಮಾಗಿರು."

ಅವಳು ಹಳದಿ ಟೋಪಿಯ ಕಡೆ ತಿರುಗಿದಳು. "ನಾನೂ ನಾಲ್ಕು ಒಣಕಲು ಗಿಡ ನೆಟ್ಟಿದ್ರೆ?"

ಅವನು ತಲೆ ತಗ್ಗಿಸಿದ. "ವರ್ಷಾ ವರ್ಷಾ ಬರ್ತಿದ್ರು. ವರ್ಷಾ ವರ್ಷಾ ನೀನು ಬೇಕಾಗ್ತಿದ್ದೆ."

ಆಳುಗಳು ಬಳ್ಳಿಗೆ ಕೈ ಹಾಕಹೋದರು. "ಮುಟ್ಟಬೇಡಿ. ಹಾಕಿದೋಳು ನಾನು" ಎಂದು ಅಕ್ಕ ಕುಡುಗೋಲೆತ್ತಿದಳು. ಅದರ ತುದಿಗೂ ಫಲಕಕ್ಕೂ ನಡುವೆ ಸರಿಯಾಗಿ ಒಂದು ಗೇಣು. ಅಳತೆ ತಪ್ಪಿರಲಿಲ್ಲ. ಸಂಜೆಯೊಳಗೆ ಒಂದೊಂದೇ ಹುರಿ ಕೊಯ್ದು, ಬಲಿತ ಕಾಯಿಗಳನ್ನು ಮಾತ್ರ ಬಿಡಿಸಿಕೊಂಡಳು.

ಫಲಕ ತೊಳೆಯುತ್ತಿದ್ದ ಆ ಕೂಲಿಯವನೇ ಈ ಕತೆ ಹೇಳುತ್ತಿರುವವನು. ಅವನ ಅಂಗೈಗೆ ಅವಳು ಒಂದು ಹಿಡಿ ಬೀಜ ಸುರಿದಳು.

"ಹೊಲ ಇದೆಯೇನೋ ನಿನಗೆ?"

"ಇಲ್ಲಕ್ಕಾ."

"ಸರಿಹೋಯ್ತು. ನನಗೂ ಇಲ್ಲ."

ಮರುದಿನ ಅವನು ಕಂಬಳಿ, ಎರಡು ಹರಕು ಕಾದಂಬರಿ, ಬೀಜದ ಪೊಟ್ಟಣ ಇಷ್ಟನ್ನೂ ಚೀಲಕ್ಕೆ ತುರುಕಿ ಹೊರಟ. ಕಪ್ಪು ಹಾಳೆಗೆ ಮೊಳೆ ಹೊಡೆಯುವ ಸದ್ದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು.