ನಡೆಯಬೇಕು, ಬೆಳೆಯಬಾರದು

ಹೋಟೆಲಿನ ಕೆಲಸವನ್ನು ಅವನು ಬೇಕೆಂದೇ ಕಳೆದುಕೊಂಡಿದ್ದ.

ಹೊಸದಾಗಿ ಎದ್ದು ನಿಂತ ಹೋಟೆಲು; ಅದರ ಎಲ್ಲ ಕೋಣೆಗಳ ಕಿಟಕಿಗೂ ಪರದೆ ಹೊಲಿದು ಹಾಕಿಕೊಡುವ ಕೆಲಸ. ಪರದೆ ಅಂಗಡಿಯ ಬೇರೆ ಯಾವ ಯಜಮಾನನಾದರೂ ಅದಕ್ಕಾಗಿ ಮ್ಯಾನೇಜರ ಮನೆ ಬಾಗಿಲು ಕಾಯುತ್ತಿದ್ದ. ಇವನು ಯಾರೂ ಒಪ್ಪಲಾರದಂಥ ದರ ಹೇಳಿ, ಮ್ಯಾನೇಜರು ಹುಬ್ಬೇರಿಸಿದಾಗ "ನಮಗೆ ಇದಕ್ಕಿಂತ ಕಡಿಮೆಗೆ ಗಿಟ್ಟಲ್ಲ ಸಾರ್" ಎಂದು ಎದ್ದುಬಂದಿದ್ದ. ಹೋಟೆಲಿನ ಮೆಟ್ಟಿಲಿಳಿಯುವಾಗ ಮನಸ್ಸು ಹಗುರವಾಗಿತ್ತು. ಆ ಹಗುರ ಅಂಗಡಿಯ ಬಾಗಿಲವರೆಗೂ ಉಳಿಯಲಿಲ್ಲ.

ಬಾಗಿಲಲ್ಲಿ ಟೇಲರಮ್ಮ ಕಾಯುತ್ತಿದ್ದರು. ಆ ಹೋಟೆಲನ್ನು ಹುಡುಕಿ, ಪರಿಚಯದವರ ಪರಿಚಯ ಹಿಡಿದು, ಮಾತುಕತೆಗೆ ದಾರಿ ಮಾಡಿಕೊಟ್ಟವರೇ ಆಕೆ.

"ಏನಾಯ್ತು ಯಜಮಾನ್ರೇ?"

"ಬೇರೆಯವರ ಪಾಲಾಯ್ತು."

ಆಕೆ ಅವನ ಕಂಕುಳಲ್ಲಿದ್ದ ಮಾದರಿ ಪರದೆಯನ್ನು ತೆಗೆದುಕೊಂಡು, ಕತ್ತರಿಸುವ ಮೇಜಿನ ಮೇಲೆ ಹರಡಿ, ನೆರಿಗೆಗಳ ಮೇಲೆ ಬೆರಳಾಡಿಸಿದರು. ಬೆರಳು ಒಂದೆಡೆ ನಿಂತಿತು.

"ಇಲ್ಲಿ ನೋಡಿ. ಈ ನೆರಿಗೆ ಕೂದಲೆಳೆಯಷ್ಟು ವಾಲಿದೆ. ಅಂಥವರ ಕಣ್ಣು ಇದನ್ನ ಬಿಡುತ್ತಾ? ನನ್ನಿಂದಲೇ ಹೋಯ್ತು."

ಅವನಿಗೆ ಯಾವ ವಾಲುವಿಕೆಯೂ ಕಾಣಲಿಲ್ಲ. ಹಾಗೇನಿಲ್ಲ ಎನ್ನಲು ಬಾಯಿ ತೆರೆದ. ಹಾಗಾದರೆ ಮತ್ತೇಕೆ ಹೋಯಿತು ಎಂಬ ಪ್ರಶ್ನೆ ಅದರ ಹಿಂದೆಯೇ ಬರುವುದು ಹೊಳೆದು, ತೆರೆದ ಬಾಯಿಯಿಂದ ಬೇರೆ ಮಾತು ಹೊರಟಿತು.

"ಇರಲಿ ಬಿಡಿ. ಮುಂದೆ ನೋಡ್ಕೊಂಡರಾಯ್ತು."

ಮಾಡದ ತಪ್ಪಿಗೆ ಕ್ಷಮೆ ದಯಪಾಲಿಸಿದ ಆ ಕ್ಷಣದಿಂದ ಅವನಿಗೆ ಆಕೆಯ ಮುಖ ನೋಡಿ ಮಾತಾಡುವುದೇ ಕಷ್ಟವಾಯಿತು.

ನಿಜ ಸಂಗತಿ ಇಷ್ಟೇ. ಈ ಅಂಗಡಿಯನ್ನು ಅವನು ಪರದೆ ಮಾರಲೆಂದು ಕೊಂಡಿರಲಿಲ್ಲ, ವೀಸಾಕ್ಕೆಂದು ಕೊಂಡಿದ್ದ. ಸ್ವಂತ ದೇಶದಲ್ಲಿ ಅವನದು ಬಣ್ಣದ ಅಂಗಡಿ. ಅದನ್ನೂ ಮನೆಯನ್ನೂ ಮಾರಿ ಹೊರಡುವುದೆಂದು ನಿರ್ಧಾರವಾದ ದಿನ, ವೀಸಾ ಸಲಹೆಯನ್ನೇ ಕಸುಬಾಗಿಸಿಕೊಂಡಿದ್ದ ಹೆಂಡತಿಯ ತಮ್ಮ ಊಟದ ಮೇಜಿನ ಮೇಲೆ ದಾರಿಗಳನ್ನೆಲ್ಲ ಬಿಡಿಸಿಟ್ಟಿದ್ದ.

"ದುಡ್ಡು ಹಾಕಿ ಕಾಲಮೇಲೆ ಕಾಲು ಹಾಕಿ ಕೂರೋ ದಾರಿ ಒಂದಿದೆ ಭಾವ, ಅದು ನಿಮ್ಮ ಜೇಬಿಗೆ ಸರಿಹೋಗಲ್ಲ. ಹೊಸದೇನಾದ್ರೂ ಕಂಡುಹಿಡಿದು ಕಂಪನಿ ಕಟ್ಟೋರಿಗೆ ಇನ್ನೊಂದಿದೆ, ಅದು ನಿಮ್ಮ ತಲೆಗೆ ಸರಿಹೋಗಲ್ಲ. ಬೇಜಾರು ಮಾಡ್ಕೋಬೇಡಿ. ನಿಮಗೆ ಹೇಳಿ ಮಾಡಿಸಿದ್ದು ಮೂರನೇದು. ಅಲ್ಲಿ ನಡೀತಿರೋ ಒಂದು ಅಂಗಡಿ ಕೊಂಡ್ಕೊಳ್ಳಿ. ಅಲ್ಲಿನವರು ಇಬ್ಬರನ್ನ ಕೆಲಸಕ್ಕೆ ಇಟ್ಕೊಳ್ಳಿ. ಅವಧಿ ಮುಗಿಯೋ ಹೊತ್ತಿಗೆ ತಪಾಸಣೆಗೆ ಬರ್ತಾರೆ. ಇಬ್ಬರೂ ಇದ್ದರೆ ಖಾಯಂ ವಾಸದ ಕಾರ್ಡು. ಕಾರ್ಡು ಕೈಗೆ ಬಂದಮೇಲೆ ಬಾಗಿಲು ಹಾಕಿ, ನಿಮ್ಮಿಷ್ಟ ಬಂದಿದ್ದು ಮಾಡಿ."

"ಅದಕ್ಕೆ ಮುಂಚೆ ಒಬ್ಬರು ಬಿಟ್ಟುಹೋದ್ರೆ?"

"ಅರ್ಜಿ ಬಿತ್ತು. ಗಂಟುಮೂಟೆ ಕಟ್ಕೊಂಡು ನೀವು, ಅಕ್ಕ, ಮಗು ಮೂರು ಜನಾನೂ ವಾಪಸ್. ಇಲ್ಲಿ ಮನೇನೂ ಇರಲ್ಲ, ಅಂಗಡೀನೂ ಇರಲ್ಲ. ಅದಕ್ಕೇ ಹೇಳ್ತೀನಿ, ಅಂಗಡಿ ನಡೀಬೇಕು, ಬೆಳೀಬಾರದು. ಬೆಳೆದುಬಿಟ್ಟರೆ ಹೊಸ ಯಂತ್ರ, ಹೊಸ ಕರಾರು, ಇನ್ನಷ್ಟು ಆಳು. ಮುಚ್ಚೋಕಾಗಲ್ಲ."

"ಬೆಳೆಸದೇ ಇರೋದ್ರಲ್ಲಿ ನಿಮ್ಮ ಭಾವನ್ನ ಮೀರಿಸೋರಿಲ್ಲ ಬಿಡೋ" ಎಂದು ಹೆಂಡತಿ ನಕ್ಕಿದ್ದಳು. ಅವನೂ ನಕ್ಕಿದ್ದ.

ಆ ಇಬ್ಬರು ಯಾರೆಂಬುದು ಆಗ ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಒಬ್ಬರು ಹೊಲಿಯುವ ಟೇಲರಮ್ಮ. ಇನ್ನೊಬ್ಬ ಗೋಡೆ ಕೊರೆದು ಪರದೆಯ ಕಂಬಿ ಹಾಕುವ ಡ್ರಿಲ್ಲಣ್ಣ. ಎರಡು ಹೆಸರೂ ಅವನ ಮಗಳು ಇಟ್ಟವು. ಡ್ರಿಲ್ಲಣ್ಣ ಬಂದರೆ ಬಂದ, ಕಂಬಿ ಹಾಕಿದರೆ ಹಾಕಿದ. ಒಂದು ಒಣ ಹಾಸ್ಯ ಒಗೆದು ಏಣಿ ಹೊತ್ತುಕೊಂಡು ಹೋಗುವ ಆಸಾಮಿ. ಟೇಲರಮ್ಮ ಹಾಗಲ್ಲ. ಇಬ್ಬರು ಕೆಲಸಗಾರರ ಷರತ್ತು ತಿಳಿದಂದಿನಿಂದ ಆಕೆ ಆ ಮೂರು ಜೀವಗಳ ಭಾರವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಂತಿದ್ದರು. ಜ್ವರವಿದ್ದರೂ ಬರುತ್ತಿದ್ದರು. ಮನೆಯಲ್ಲಿ ಯಾರೋ ಬಸುರಿಯಿದ್ದಾಳೆಂಬಂತೆ ಬೆಳಗಾದರೆ "ಸಿಹಿ ಸುದ್ದಿ ಬಂತಾ? ಕಾರ್ಡು ಬಂತಾ?" ಎಂದು ವಿಚಾರಿಸುತ್ತಿದ್ದರು.

ಅವನೋ, ಕಾರ್ಡು ಬಂದ ಬಳಿಕ ಜಾಗ ಬಿಟ್ಟುಕೊಡುವುದಾಗಿ ಕಟ್ಟಡದ ಒಡೆಯರಿಗೆ ಗುಟ್ಟಾಗಿ ಮಾತು ಕೊಟ್ಟಿದ್ದ. ಮುಂದೆ ಆ ಜಾಗ ಹಿಡಿಯಲಿದ್ದ ಮೊಬೈಲ್ ಅಂಗಡಿಯವರು ಬಂದು ಗೋಡೆಗಳನ್ನು ಅಳೆದೂ ಹೋಗಿದ್ದರು. "ಯಾರವರು?" ಎಂದು ಟೇಲರಮ್ಮ ಕೇಳಿದಾಗ "ವಿಮೆಯವರು" ಎಂದಿದ್ದ. ಸುಳ್ಳು ಹೇಳುವುದು ಇಷ್ಟು ಸಲೀಸಾಗಿ ತನಗೆ ಯಾವಾಗ ರೂಢಿಯಾಯಿತೆಂದು ಅವನಿಗೇ ಆಶ್ಚರ್ಯವಾಗಿತ್ತು.

ಹೋಟೆಲಿನ ಸಂಗತಿ ನಡೆದ ಮುಂದಿನ ವಾರ, ಒಂದು ಬೆಳಿಗ್ಗೆ, ಅವನು ಬಟ್ಟೆಯ ಸುರುಳಿಗಳ ಧೂಳು ಒರೆಸುತ್ತಿದ್ದಾಗ ಟೇಲರಮ್ಮ ಹೊಲಿಗೆ ನಿಲ್ಲಿಸಿ ಎದ್ದುಬಂದರು.

"ಒಂದು ಮಾತಿತ್ತು. ದೊಡ್ಡಾಸ್ಪತ್ರೆಯ ಹೊಲಿಗೆ ವಿಭಾಗಕ್ಕೆ ನನ್ನ ಕರೀತಿದಾರೆ. ಖಾಯಂ ಕೆಲಸ. ಈ ವಯಸ್ಸಿಗೆ ಇನ್ನೊಂದು ಸಲ ಯಾರೂ ಕರೆಯಲ್ಲ. ಇವತ್ತೇ ಉತ್ತರ ಹೇಳಬೇಕಂತೆ."

ಅವನ ಕೈಯ ಬಟ್ಟೆ ಅಲ್ಲಿಯೇ ನಿಂತಿತು.

"ಹೆದರ್ಕೋಬೇಡಿ" ಎಂದು ಆಕೆಯೇ ನಕ್ಕರು. "ನಾನು ಹೋದ್ರೆ ನಿಮ್ಮ ಕಥೆ ಏನಾಗುತ್ತೆ ಅಂತ ಗೊತ್ತಿಲ್ವಾ? ನನಗೆ ಒಂದೇ ಒಂದು ತಿಳೀಬೇಕು. ಮೊನ್ನೆ ಹೋಟೆಲೂ ಕೈಬಿಡ್ತು, ಗಿರಾಕಿಗಳೂ ಕಡಿಮೆ. ಅಂಗಡಿ ಇರುತ್ತೆ ತಾನೇ?"

ಆಗಲೇ ಅವನ ಫೋನು ಬಡಿದುಕೊಂಡಿತು. ಅತ್ತಲಿಂದ ಹೆಂಡತಿಯ ತಮ್ಮ ಪಿಸುಗುಟ್ಟಿದ: "ಭಾವ, ತಪಾಸಣೆಯೋರು ಹೊರಟಿದಾರಂತೆ. ಇವತ್ತೇ. ಇಬ್ಬರೂ ಇದಾರೆ ತಾನೇ?"

ಫೋನಿಗೂ ಟೇಲರಮ್ಮನಿಗೂ ಅವನು ಒಂದೇ ಉತ್ತರ ಕೊಟ್ಟ.

"ಹ್ಞೂಂ."

ತಪಾಸಣೆ ಮುಗಿಯಲಿ, ಮುಗಿದ ಕೂಡಲೇ ನಿಜ ಹೇಳಿಬಿಡುತ್ತೇನೆ, ಆಕೆಗೆ ಸಂಜೆಯವರೆಗೆ ಸಮಯವಿದೆಯಲ್ಲ ಎಂದು ತನ್ನನ್ನು ತಾನು ಸಮಾಧಾನಪಡಿಸಿಕೊಂಡ. ತಪಾಸಣೆ ಮುಗಿದರೂ ಕಾರ್ಡು ಬರಲು ವಾರಗಳಾಗುತ್ತವೆ, ಅದಕ್ಕೆ ಮುಂಚೆ ಆಕೆ ಹೋದರೆ ಎಲ್ಲ ಮುಗಿಯಿತು ಎಂಬುದು ಅವನಿಗೆ ಗೊತ್ತಿತ್ತು. ಆ ಕಡೆ ಯೋಚನೆಯನ್ನು ಹರಿಯಲು ಬಿಡಲಿಲ್ಲ.

ತಪಾಸಣಾಧಿಕಾರಿ ಗಟ್ಟಿಯಾಗಿ ಮಾತಾಡದ ಮನುಷ್ಯ. ಬಟ್ಟೆಯ ಸುರುಳಿಗಳನ್ನು ನೋಡಿದರು. ಡ್ರಿಲ್ಲಣ್ಣನನ್ನು ಎಷ್ಟು ಕಾಲದಿಂದ ಇದ್ದೀರಿ ಎಂದು ಕೇಳಿದರು. "ಈ ಗೋಡೆಗೆ ನೆನಪಿದ್ದರೆ ಕೇಳಿ ಸಾರ್, ನನಗಿಂತ ಮೊದಲಿಂದ ಇದೆ" ಎಂದ ಡ್ರಿಲ್ಲಣ್ಣ. ಅಧಿಕಾರಿ ನಗಲಿಲ್ಲ. ಟೇಲರಮ್ಮನ ಯಂತ್ರದ ಬಳಿ ನಿಂತು, ಯಜಮಾನನ ಎದುರಿಗೇ ಕೇಳಿದರು:

"ಅಮ್ಮಾ, ಕೆಲವರು ವೀಸಾಕ್ಕೋಸ್ಕರವೇ ಅಂಗಡಿ ಕೊಳ್ತಾರೆ. ಕಾರ್ಡು ಬಂದ ಮಾರನೇ ದಿನ ಬೀಗ. ಈ ಅಂಗಡಿ ಹಾಗಲ್ಲ ಅಂತ ನಿಮಗೆ ನಂಬಿಕೆ ಇದೆಯಾ?"

ಯಂತ್ರದ ಸದ್ದು ನಿಂತಿತು.

"ನಂಬಿಕೆ ಇಲ್ದೇ ಏನ್ ಸಾರ್?" ಎಂದರು ಟೇಲರಮ್ಮ. "ಆಸ್ಪತ್ರೆಯಲ್ಲಿ ಖಾಯಂ ಕೆಲಸ ಕೊಡ್ತೀವಿ ಅಂದ್ರು. ನೀವು ಬರೋಕೆ ಸ್ವಲ್ಪ ಮುಂಚೆ ಫೋನ್ ಮಾಡಿ ಬೇಡ ಅಂದೆ. ಮುಚ್ಚೋ ಅಂಗಡಿ ನಂಬ್ಕೊಂಡು ಯಾರಾದ್ರೂ ಹಾಗೆ ಮಾಡ್ತಾರಾ?"

ಅಧಿಕಾರಿ ಮೊದಲ ಬಾರಿಗೆ ಮುಗುಳ್ನಕ್ಕರು. ಬಾಗಿಲವರೆಗೆ ಬಂದು ಅವನ ಕೈ ಕುಲುಕಿದರು. "ನನ್ನ ವರದಿ ಅನುಕೂಲವಾಗೇ ಇರುತ್ತೆ. ನಿರ್ಧಾರ ಬರೋ ತನಕ ಇಬ್ಬರೂ ಹೀಗೇ ಇರಲಿ, ಅಷ್ಟೇ. ನೀವು ಅದೃಷ್ಟವಂತರು."

ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಹೊಸ್ತಿಲಲ್ಲೇ ನಿಂತಿದ್ದ. ಮುಚ್ಚಿದ ಬಾಯಿಯನ್ನು ಮುಚ್ಚಿಯೇ ಇಟ್ಟುಕೊಂಡರೆ ಸಾಕು. ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆ. ಒಳಗೆ ಬಂದ. ಟೇಲರಮ್ಮ ಚೀಲದಿಂದ ಹೊಚ್ಚಹೊಸ ಕನ್ನಡಕ ತೆಗೆದು ಮೂಗಿಗೇರಿಸುತ್ತಿದ್ದರು.

"ಹೇಗಿದೆ? ಆ ನೆರಿಗೆ ವಾಲಿದ ಮೇಲೆ ಮನಸ್ಸಿಗೆ ಸಮಾಧಾನವೇ ಇರಲಿಲ್ಲ. ಕಣ್ಣಿನ ಡಾಕ್ಟರ ಹತ್ರ ಹೋದೆ. ನಂಬರು ಬದಲಾಗಿಲ್ಲ ಅಂದ್ರು ಅವರು, ಆದ್ರೂ ಬೇರೆ ಹಾಕಿಕೊಡಿ ಅಂತ ಹಟ ಮಾಡಿದೆ. ಇನ್ನು ನನ್ನಿಂದ ನಿಮಗೆ ನಷ್ಟ ಆಗಬಾರದು ನೋಡಿ."

ಅವನು ಕುರ್ಚಿ ಎಳೆದು ಕೂತ.

"ನೆರಿಗೆ ವಾಲಿರಲಿಲ್ಲ" ಎಂದ. "ಹೋಟೆಲಿನೋರಿಗೆ ನಾನೇ ಬೇಕಂತ ಜಾಸ್ತಿ ದರ ಹೇಳಿದ್ದು. ಆ ಕೆಲಸ ಬಂದಿದ್ರೆ ಅಂಗಡಿ ಮುಚ್ಚೋಕಾಗ್ತಿರಲಿಲ್ಲ. ಕಾರ್ಡು ಬಂದಮೇಲೆ ಮುಚ್ಚೋದು ಅಂತ ಮೊದಲಿಂದಲೂ ಇತ್ತು. ಗೋಡೆ ಅಳೆದೋರು ವಿಮೆಯೋರಲ್ಲ."

ಆಕೆ ಹೊಸ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಿಮ್ಮ ಮನೆಯೋರಿಗೆ ಗೊತ್ತಾ?"

"ಗೊತ್ತು."

"ಮಗೂಗೆ?"

"ಇಲ್ಲ."

"ಸದ್ಯ." ಆಕೆಯ ದನಿ ಏರಲಿಲ್ಲ. "ದಿನಾ ಕೇಳ್ತಿದ್ದೆನಲ್ಲ, ಕಾರ್ಡು ಬಂತಾ ಬಂತಾ ಅಂತ. ನನ್ನ ಕೆಲಸ ಯಾವತ್ತು ಹೋಗುತ್ತೆ ಅಂತ ನಾನೇ ಕೇಳ್ಕೊಂಡ ಹಾಗಾಯ್ತು. ನಿಮಗೆ ಒಳಗೊಳಗೇ ನಗು ಬರ್ತಿತ್ತೇನೋ."

"ಇಲ್ಲ ಅಮ್ಮಾ, ದೇವರಾಣೆ..."

"ಆಣೆ ಇಡಬೇಡಿ. ಫೋನ್ ತಗೊಳ್ಳಿ. ಆಸ್ಪತ್ರೆಗೆ ನೀವೇ ಮಾತಾಡಿ. ನಾನು ಇಲ್ಲೇ ಇರ್ತೀನಿ."

ಅವನು ಫೋನು ತೆಗೆದ. ಹೊಲಿಗೆ ವಿಭಾಗದ ಮೇಲ್ವಿಚಾರಕಿಯ ದನಿಯಲ್ಲಿ ಅಸಹನೆಯಿತ್ತು. "ಅವರೇ ಬೇಡ ಅಂದ್ರಲ್ಲ? ಮುಂದಿನವರನ್ನ ಕರೆಯೋದ್ರಲ್ಲಿದೀವಿ."

"ನಾನು ಸುಳ್ಳು ಹೇಳಿದ್ದೆ, ಅದನ್ನ ನಂಬಿ ಬೇಡ ಅಂದ್ರು. ನನ್ನ ಅಂಗಡಿ ಮುಚ್ಚುತ್ತೆ. ಅವರ ತಪ್ಪಿಲ್ಲ."

ಅತ್ತ ಕಾಗದ ಮಗುಚುವ ಸದ್ದು. "ನಾಳೆಯೇ ಬಂದು ಸೇರೋದಾದ್ರೆ ತಗೋತೀವಿ. ನಾಳೆಗೆ ನೀವು ಬಿಡ್ತೀರಾ?"

ಅವನು ಟೇಲರಮ್ಮನತ್ತ ನೋಡಿದ. ಕಾರ್ಡು ಬರುವ ತನಕ ಇರುತ್ತೇನೆ ಎಂದು ಆಕೆ ಈಗಲೂ ಹೇಳಬಹುದೇನೋ ಎಂಬ ಆಸೆ ಅವನ ಕಣ್ಣಲ್ಲಿ ಕಾಣಿಸಿರಬೇಕು. ಆಕೆ ಮುಖ ತಿರುಗಿಸಲಿಲ್ಲ. ಸುಮ್ಮನೆ ಕಾದರು. ಮಗಳ ಶಾಲೆ, ಹೆಂಡತಿ ಕಿಟಕಿಯಲ್ಲಿ ಬೆಳೆಸಿದ ಗಿಡಗಳು, ಮಾರಿಹೋದ ಮನೆ ಎಲ್ಲವೂ ಅವನ ಕಣ್ಣಮುಂದೆ ಸುಳಿದವು.

"ಬಿಡ್ತೀನಿ" ಎಂದ.

ಟೇಲರಮ್ಮ ತನ್ನ ಕತ್ತರಿ, ಸೂಜಿಯ ಡಬ್ಬಿ, ಕೂರುವ ದಿಂಬು ಎಲ್ಲವನ್ನೂ ಚೀಲಕ್ಕೆ ತುಂಬಿದರು. ಬಾಗಿಲಲ್ಲಿ ಒಮ್ಮೆ ನಿಂತರು.

"ಮಗೂಗೆ ನಾನೇ ಬಂದು ಹೇಳ್ತೀನಿ. ನೀವು ಹೇಳಿದ್ರೆ ಅದರಲ್ಲೂ ಏನಾದ್ರೂ ಸೇರಿಸ್ತೀರಿ."

ಆಕೆ ಹೋದ ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಂತು. ದನಿ ಕುಣಿಯುತ್ತಿತ್ತು. "ರೀ, ತಮ್ಮ ಹೇಳಿದ! ತಪಾಸಣೆ ಪಾಸಂತೆ!"

ಅವನು ಒಂದನ್ನೂ ಬಿಡದೆ ಹೇಳಿದ. ಅತ್ತ ನಲ್ಲಿಯ ನೀರು ಹರಿಯುತ್ತಿದ್ದುದು ನಿಂತಿತು.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಖಂಡಿತ ಅಂತಿದ್ದೆ." ಅವಳ ದನಿ ಒಡೆಯಿತು. "ಆ ಅಮ್ಮನಿಗೆ ಹೇಳದೇ ಮುಚ್ಚಿಟ್ರಿ, ನನ್ನನ್ನ ಕೇಳದೇ ಬಿಟ್ಟುಕೊಟ್ರಿ. ನಾವಿಬ್ಬರೂ ನಿಮ್ಮ ಲೆಕ್ಕದಲ್ಲಿ ಏನು ಹಾಗಾದ್ರೆ?"

ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು. ಒಂದು ತಪ್ಪನ್ನು ಇಳಿಸಿದೆನೆಂದುಕೊಂಡವನ ಹೆಗಲಿಗೆ ಇನ್ನೊಂದು ಆಗಲೇ ಏರಿ ಕೂತಿತ್ತು. ಮನೆಗೆ ಹೋಗಬೇಕು, ಹೋಗಿ ಏನು ಹೇಳಬೇಕೆಂದು ತಿಳಿಯದೆ ಅವನು ಬೀಗದ ಕೈ ಹುಡುಕುತ್ತ ತಲೆಯೆತ್ತಿದ.

ಡ್ರಿಲ್ಲಣ್ಣ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ಎಷ್ಟು ಹೊತ್ತಿನಿಂದಲೋ, ಬಹುಶಃ ಮೊದಲಿನಿಂದಲೂ. ಈ ಇಡೀ ದಿನದಲ್ಲಿ ಅವನ ನೆನಪು ಯಜಮಾನನಿಗೆ ಒಮ್ಮೆಯೂ ಬಂದಿರಲಿಲ್ಲ. ಎಂದಿನ ಒಣ ಹಾಸ್ಯದ ದನಿಯಲ್ಲೇ, ಆದರೆ ನಗದೆ, ಅವನು ಕೇಳಿದ:

"ನನಗೋಸ್ಕರ ಯಾವ ಆಸ್ಪತ್ರೆಗೆ ಫೋನ್ ಮಾಡ್ತೀರಿ ಯಜಮಾನ್ರೇ?"