ಅಣ್ಣನ ಸ್ವರಗಳಿಗೆ ಹೊಲಿಗೆ

“ಉಸಿರು ಬಿಡಬೇಡ ಅಂದ್ನಲ್ಲೋ ಬೋಳಿಮಗನೆ. ನಿನ್ನ ಮೂಗಿನ ಸದ್ದು ಯಾವನು ಕೊಂಡ್ಕೋತಾನೆ?”

ಹೆಡ್‌ಫೋನಿನಲ್ಲಿ ಸ್ಟುಡಿಯೋ ಮಾಲೀಕನ ಮಾತು ನನ್ನ ತಲೆಯೊಳಗೇ ಹುಟ್ಟಿದಂತೆ ಕೇಳಿಸಿತು. ಅವನು ಗಾಜಿನ ಆಚೆ ಕೂತಿದ್ದ. ನಾನು ಈಚೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಮೂರು ಮೈಕುಗಳ ನಡುವೆ. ಕೈಯಲ್ಲಿ ಅಣ್ಣನ ಪಿಟೀಲು. ಅಣ್ಣ ಸತ್ತು ಎರಡು ತಿಂಗಳಾಗಿತ್ತು.

“ಸರಿ ಸಾರ್,” ಎಂದೆ. ಅವನಿಗೆ ನನ್ನ ಮಗನ ವಯಸ್ಸು.

ಹೋದ ವರ್ಷ ಇದೇ ಕುರ್ಚಿಯಲ್ಲಿ ಅಣ್ಣ ಹದಿನೆಂಟು ದಿನ ಕೂತಿದ್ದ. ಹಾಡು ಬಾರಿಸಲಿಕ್ಕಲ್ಲ. ಒಂದು ಸ್ವರ. ಅದನ್ನೇ ಮೆಲ್ಲಗೆ, ಅದನ್ನೇ ಹದವಾಗಿ, ಅದನ್ನೇ ಜೋರಾಗಿ. ಒಂದೊಂದನ್ನೂ ನಾಲ್ಕು ಸಲ. ಕಮಾನು ಎತ್ತಿದ ಮೇಲೆ ದನಿ ಪೂರ್ತಿ ಆರುವ ತನಕ ಉಸಿರು ಹಿಡಿದಿರಬೇಕು. ಆಮೇಲೆ ಮುಂದಿನ ಸ್ವರ. ಯಾವುದೋ ಸಿನಿಮಾಕ್ಕೆ ಎಂದುಕೊಂಡು ಅವನು ಕಾಗದಕ್ಕೆ ರುಜು ಹಾಕಿ ಬಂದ. ಇವರು ಆ ಸ್ವರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ, ಸಾಫ್ಟ್‌ವೇರ್ ಮಾಡಿ ಮಾರಿದರು. ಈಗ ಯಾರೇ ಕೀಬೋರ್ಡಿನ ಮೇಲೆ ಬೆರಳಿಟ್ಟರೂ ಅಣ್ಣ ಬಾರಿಸುತ್ತಾನೆ. ಹದಿನಾರು ಮಂದಿ ಬೇಕೆಂದರೆ ಅವನೇ ಹದಿನಾರು ಮಂದಿ. ನಾವು ಪಿಟೀಲಿನವರೆಲ್ಲ ಸಾಲಾಗಿ ಕೂತು ಬಾರಿಸುತ್ತಿದ್ದ ದೊಡ್ಡ ಹಾಲಿನಲ್ಲಿ ಮುರಿದ ಸೋಫಾಗಳನ್ನು ಪೇರಿಸಿದ್ದಾರೆ. ನಮ್ಮನ್ನು ಕರೆಯುವುದು ನಿಂತಿತು. ಅಣ್ಣನನ್ನೂ ಕರೆಯಲಿಲ್ಲ, ಅವನು ಆಗಲೇ ಒಳಗಿದ್ದನಲ್ಲ.

ಈಗ ಕೊಂಡವರು ದೂರುತ್ತಿದ್ದರು.

“ಸ್ವರ ಎಲ್ಲಾ ಚಿನ್ನ,” ಎಂದ ಮಾಲೀಕ. “ಆದ್ರೆ ಒಂದರಿಂದ ಇನ್ನೊಂದಕ್ಕೆ ಹೋಗೋ ದಾರಿ ಇಲ್ಲ. ಹೊಲಿಗೆ ಕಾಣುತ್ತೆ ಅಂತಾರೆ. ನಿಮ್ಮಣ್ಣ ಅದೊಂದು ಬಾರಿಸಿಕೊಟ್ಟು ಸಾಯಬಾರದಿತ್ತಾ?”

ಅವನ ಪಕ್ಕದಲ್ಲಿ ಮಿಷನ್ ನೋಡುವ ಹೆಂಗಸು ನಕ್ಕಳು, ನಗಬೇಕಲ್ಲ ಎಂದು.

“ನಿಂದೂ ಅದೇ ಕೈ. ಇಬ್ಬರೂ ಒಬ್ಬ ಅಪ್ಪನ ಹತ್ರ ಕಲ್ತೋರು. ಪಿಟೀಲೂ ಅದೇ. ಒಂದೊಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿ ಕೊಡು, ನಿಮ್ಮಣ್ಣನಿಗೆ ನಾವು ಅಂಟಿಸ್ಕೋತೀವಿ. ಭಾವ ಗೀವ ಬೇಡ. ಅದಕ್ಕೆ ಬೇರೆ ಬಟನ್ ಇದೆ. ಕೇಳು.”

ಕಿವಿಯಲ್ಲಿ ಅಣ್ಣ ಬಂದ. ಮೂರನೆಯ ತಂತಿ. ಬೆಳಗಿನ ಪ್ರಾರ್ಥನೆಗೆ ಅವನು ಮೊದಲು ಮುಟ್ಟುತ್ತಿದ್ದುದೇ ಅದನ್ನು. ಅದರ ಹಿಂದೆಯೇ ಇನ್ನೊಂದು ಸ್ವರ, ಒಂದು ಬಾಗಿಲು ಮುಚ್ಚಿ ಇನ್ನೊಂದು ತೆಗೆದಂತೆ. ಅಣ್ಣ ಹಾಗೆ ಹೋಗುವವನಲ್ಲ. ಬಿಟ್ಟುಹೋಗುವ ಸ್ವರಕ್ಕೆ ಹೋಗಿಬರುತ್ತೇನೆ ಎಂದು ಹೇಳಿಯೇ ಹೋಗುತ್ತಿದ್ದ. ಸಾಯುವಾಗ ಮಾತ್ರ ಯಾರಿಗೂ ಹೇಳಲಿಲ್ಲ.

“ಅಳು ಬಂದ್ರೆ ಹೊರಗೆ ಹೋಗಿ ಅತ್ಕೊಂಡು ಬಾ.”

ನನಗೆ ಅಳು ಬಂದಿರಲಿಲ್ಲ. ಎರಡು ತಿಂಗಳಿಂದ ಏನೂ ಬಂದಿರಲಿಲ್ಲ.

“ನನ್ನ ಕೈಲಾಗಲ್ಲ ಸಾರ್.”

ಮಾಲೀಕ ಎದ್ದು ಹೊರಗೆ ಹೋದ. ಪ್ಯಾಸೇಜಿನಲ್ಲಿ ನೆಲ ಒರೆಸುತ್ತಿದ್ದ ಅತ್ತಿಗೆಯನ್ನು ಕರೆದುಕೊಂಡೇ ನನ್ನ ಕೋಣೆಗೆ ಬಂದ. ಅಣ್ಣ ಹೋದ ಮೇಲೆ ಇವನೇ ಅವರಿಗೆ ಆ ಕೆಲಸ ಕೊಟ್ಟಿದ್ದ. ಕೊಟ್ಟದ್ದನ್ನು ವಾರಕ್ಕೊಮ್ಮೆ ನೆನಪಿಸುತ್ತಿದ್ದ.

“ನಿನ್ನ ಮೈದುನ ಧಿಮಾಕು ಮಾಡ್ತಿದಾನೆ. ನಾಳೆಯಿಂದ ನಿಂಗೆ ಕೆಲ್ಸ ಬೇಕೋ ಬೇಡ್ವೋ, ಅವನನ್ನೇ ಕೇಳು.”

ಅತ್ತಿಗೆ ಬಕೆಟ್ಟನ್ನು ಹೊಸ್ತಿಲ ಆಚೆಯೇ ಇಟ್ಟರು. ಕೈ ಒರೆಸಿಕೊಂಡರು.

“ದಿನಾ ಕೇಳ್ತೀನಿ ಕಣಪ್ಪ,” ಎಂದರು ನನಗೆ. “ಮೊನ್ನೆ ಯಾವುದೋ ಸೋಪಿನ ಜಾಹೀರಾತಿಗೆ ಇಡೀ ಮಧ್ಯಾಹ್ನ ಬಾರಿಸ್ಕೊಂಡ್ರು ಅವರ ಕೈಲಿ. ಬದುಕಿದ್ದಾಗ ಊಟಕ್ಕಾದ್ರೂ ಎಬ್ಬಿಸ್ತಿದ್ದೆ.”

“ನಿನ್ನ ಪುರಾಣ ಯಾರು ಕೇಳಿದ್ರೇ ಮುಂಡೆ? ಬಾರಿಸು ಅಂತ ಹೇಳು.”

ಅತ್ತಿಗೆ ಅವನ ಕಡೆ ತಿರುಗಲಿಲ್ಲ.

“ಒರೆಸೋಕೆ ನೆಲ ಎಲ್ಲಾದ್ರೂ ಸಿಗುತ್ತೆ,” ಎಂದರು ನನಗಷ್ಟೇ ಕೇಳುವಂತೆ. “ಸತ್ತ ಮೇಲೂ ಅವರಿಗೆ ಬಿಟ್ಟಿ ಚಾಕರಿ ಯಾಕೆ. ನೀನು ಯೋಚಿಸ್ಬೇಡ.”

ಬಕೆಟ್ ಎತ್ತಿಕೊಂಡು ಹೋದರು. ಅವರು ನನಗೆ ಬುದ್ಧಿ ಹೇಳಿಹೋದರೆಂದೇ ತಿಳಿದನೋ ಏನೋ, ಮಾಲೀಕ ಗಾಜಿನ ಆಚೆ ಹೋಗಿ ಕೂತು ಬೆರಳೆತ್ತಿದ. ಕೆಂಪು ದೀಪ ಹತ್ತಿತು.

ನಾನು ಪಿಟೀಲನ್ನು ಕಣ್ಣಿಗೆ ಒತ್ತಿಕೊಂಡೆ. ದೇವರ ಹೆಸರು ಹೇಳಿದೆ. ಮೊದಲ ತಂತಿಯ ಬಿರಡೆ ತಿರುಗಿಸಿದೆ. ಶ್ರುತಿ ಕೂಡಿಸುತ್ತಿದ್ದೇನೆ ಎಂದು ಅವನು ಕಾದ. ಎರಡನೆಯದು. ಮೂರನೆಯದು.

ನಾಲ್ಕೂ ತಂತಿಗಳನ್ನು ಒಟ್ಟಿಗೆ ಸಡಿಲಿಸಬಾರದು, ಕಸುಬಿನವರಿಗೆಲ್ಲ ಗೊತ್ತು. ಬಿಗಿ ಹೋದರೆ ಮೇಲೆ ತಂತಿಗಳನ್ನು ಹೊತ್ತ ಮರದ ಕುದುರೆ ಮಗುಚುತ್ತದೆ. ಪಿಟೀಲಿನ ಒಡಲೊಳಗೆ, ಅಂಟಿಲ್ಲದೆ ಆನಿಸಿ ನಿಲ್ಲಿಸಿದ ಬೆರಳುದ್ದದ ಕಡ್ಡಿಯೊಂದಿರುತ್ತದೆ, ಅದೂ ಜಾರುತ್ತದೆ. ಅದನ್ನು ಮತ್ತೆ ನಿಲ್ಲಿಸಬಹುದು. ಕೂದಲೆಳೆಯಷ್ಟು ಆಚೀಚೆಯಾದರೂ ದನಿ ಬೇರೆಯಾಗುತ್ತದೆ, ಹಳೆಯ ಸ್ವರಕ್ಕೆ ಹೊಲಿಗೆ ಕೂರುವುದಿಲ್ಲ. ಅಣ್ಣ ಮೂವತ್ತು ವರ್ಷ ಅದನ್ನು ಅಲುಗಲು ಬಿಟ್ಟಿರಲಿಲ್ಲ.

ನಾಲ್ಕನೆಯದನ್ನೂ ತಿರುಗಿಸಿದೆ. ಕುದುರೆ ಮಗುಚಿತು. ಪಿಟೀಲನ್ನು ಬೋರಲು ಮಾಡಿ ಬೆನ್ನಿಗೆ ಅಂಗೈಯಿಂದ ಹೊಡೆದೆ. ಮೂರನೆಯ ಏಟಿಗೆ ಒಳಗೆ ಕಡ್ಡಿ ಬಿತ್ತು.

ಗಾಜಿನ ಆಚೆ ಮಾಲೀಕ ಎದ್ದು ನಿಂತು ಬಾಯಿ ಆಡಿಸುತ್ತಿದ್ದ. ನಾನು ಹೆಡ್‌ಫೋನ್ ತೆಗೆದಿದ್ದೆ. ಏನೂ ಕೇಳಿಸಲಿಲ್ಲ.

ಬಸ್ ಸ್ಟಾಪಿನ ಕಲ್ಲು ಬೆಂಚಿನ ಮೇಲೆ ಬಿಸಿಲಿತ್ತು. ಅತ್ತಿಗೆ ನನಗಿಂತ ಹತ್ತು ನಿಮಿಷ ತಡವಾಗಿ ಬಂದರು.

“ಪ್ಯಾಸೇಜು ಪೂರ್ತಿ ಒರೆಸಿಟ್ಟು ಹೋಗು ಅಂದ,” ಎಂದು ಪಕ್ಕದಲ್ಲಿ ಕೂತರು. “ಒರೆಸಿದೆ.”

ಆಮೇಲೆ ಪಿಟೀಲಿಗೆ ಕೈಚಾಚಿದರು. ಕೊಟ್ಟೆ. ಇಷ್ಟು ವರ್ಷದಲ್ಲಿ ಅವರು ಅದನ್ನು ಮಡಿಲಲ್ಲಿಟ್ಟುಕೊಂಡದ್ದು ನಾನು ಕಂಡಿರಲಿಲ್ಲ. ಒಂದು ಕಡೆಗೆ ವಾಲಿಸಿದರು. ಒಳಗೆ ಕಡ್ಡಿ ಉರುಳಿ ಹೋಗಿ ಮರಕ್ಕೆ ತಾಗಿತು. ಇನ್ನೊಂದು ಕಡೆಗೆ ವಾಲಿಸಿದರು. ಉರುಳಿ ಬಂತು.

ಬಸ್ಸು ಬಂದು ನಿಂತು ಹೋಯಿತು. ಅತ್ತಿಗೆ ಮತ್ತೆ ವಾಲಿಸಿದರು.