ನಾನು ಬರೆದ ಋಣವಿಮೋಚನಾ ಪತ್ರ

ಆ ಊರಿನ ನಲ್ಲಿಗಳ ಬಾಯಿಗೆಲ್ಲ ಒಂದೊಂದು ತುಂಡು ಬಟ್ಟೆ ಕಟ್ಟಿರುತ್ತಿತ್ತು. ಕೆರೆಯ ನೀರಿನಲ್ಲಿ ಸ್ವಲ್ಪ ಕೆಸರು ಬೆರೆತು ಬರುತ್ತಿದ್ದರಿಂದ ಸೋಸಿ ಹಿಡಿಯುವುದು ಅಲ್ಲಿನ ರೂಢಿ. ಹಳೆಯ ಪಂಚೆಯ ಚೂರು, ಮಗುವಿನ ಲಂಗದ ಅಂಚು, ಎಲ್ಲೋ ಒಂದು ಮನೆಯಲ್ಲಿ ಅಂಗಡಿಯಿಂದ ತಂದ ಹೊಸ ಮಲ್ ಬಟ್ಟೆ. ಪುರಸಭೆಯ ನೀರಿನ ವಿಭಾಗಕ್ಕೆ ಗುಮಾಸ್ತೆಯಾಗಿ ಸೇರಿ ಆರು ತಿಂಗಳಾಗುವಷ್ಟರಲ್ಲಿ, ಬಟ್ಟೆ ನೋಡಿಯೇ ಅದು ಬಿಲ್ಲು ಕಟ್ಟುವ ಮನೆಯೋ ಅಲ್ಲವೋ ಹೇಳಬಲ್ಲೆ ಎಂಬ ಜಂಬ ನನಗೆ ಬಂದುಬಿಟ್ಟಿತ್ತು. ಆ ವಯಸ್ಸಿನಲ್ಲಿ ನನಗೆ ಜಂಬಕ್ಕೇನೂ ಬರವಿರಲಿಲ್ಲ.

ಅದರಲ್ಲೂ ನನ್ನ ಕನ್ನಡದ ಬಗ್ಗೆ. ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ಪಡೆದವಳು ನಾನು. ಕಚೇರಿಯ ಒಣ ಕಾಗದಗಳಿಗೆ ಜೀವ ತುಂಬಲು ತುದಿಗಾಲಲ್ಲಿ ನಿಂತಿದ್ದೆ. ಅವಕಾಶವೂ ಬಂತು. ನೀರಿನ ಬಿಲ್ಲು ಕಟ್ಟಲಾಗದೆ ಕಷ್ಟಪಡುತ್ತಿರುವ ಮನೆಗಳಿಗೆ ಬಾಕಿಯಲ್ಲಿ ಅರ್ಧ ಮನ್ನಾ, ಉಳಿದರ್ಧಕ್ಕೆ ಹತ್ತು ಕಂತು ಎಂದು ಪುರಸಭೆ ನಿರ್ಣಯ ಮಾಡಿತು. ಮನೆಯವರು ಯಾರಾದರೊಬ್ಬರು ತಿಂಗಳ ಕೊನೆಯೊಳಗೆ ಒಂದು ಪತ್ರಕ್ಕೆ ರುಜು ಹಾಕಬೇಕು. ಹಾಕದಿದ್ದವರ ನಲ್ಲಿ ಕತ್ತರಿಸಲಾಗುವುದು. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ಬಾಕಿ ಮನ್ನಾ ಅರ್ಜಿ' ಎಂದರೆ ಕೈಚಾಚಿ ಬೇಡಿದ ಹಾಗಾಗುತ್ತದೆ, ಕಷ್ಟದಲ್ಲಿರುವವರಿಗೂ ಮರ್ಯಾದೆ ಇರಬೇಡವೇ ಎಂದು ಎರಡು ದಿನ ಯೋಚಿಸಿ ತಲೆಬರಹ ಕೊಟ್ಟೆ: 'ನೀರಿನ ಋಣವಿಮೋಚನಾ ಪತ್ರ'. ಕೆಳಗೆ ಒಕ್ಕಣೆ: 'ಕಂತು ಮುಗಿದೊಡನೆ ಈ ಊರಿನಲ್ಲಿ ನಮ್ಮ ನೀರಿನ ಋಣ ತೀರುವುದೆಂದು ಒಪ್ಪಿರುತ್ತೇವೆ.' ಮುಖ್ಯಾಧಿಕಾರಿಗಳು ಓದದೆಯೇ ಸಹಿ ಹಾಕಿದರು.

ನಲವತ್ತಮೂರು ಮನೆಗಳಿಗೆ ಪತ್ರ ಹೋಯಿತು. ಮೂರು ವಾರಗಳಲ್ಲಿ ಬಂದವನು ಒಬ್ಬನೇ, ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಿದ್ದ ಒಬ್ಬ ದರ್ಜಿ. "ಸರಿಯಾಗೇ ಬರ್ದಿದೀರ ತಾಯಿ" ಎಂದು ಹೊಗಳಿ ರುಜು ಹಾಕಿ ಹೋದ. ನಾನು ಹಿಗ್ಗಿದೆ. ಉಳಿದವರು ಮಾತ್ರ ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ಕೂತಿದ್ದಾನೆ, ಬೇಡುವವರೇ ಪತ್ತೆಯಿಲ್ಲ. ನನಗೆ ಸಿಟ್ಟೇ ಬಂತು.

ತಿಂಗಳು ಮುಗಿಯಲು ಎರಡು ದಿನ ಉಳಿದಿದ್ದಾಗ ನೀರುಗಂಟಿ ಗವಿಯಪ್ಪನನ್ನು ಕರೆದುಕೊಂಡು ನಾನೇ ಹೊರಟೆ. ಬೀದಿಬೀದಿಗೆ ನೀರು ಬಿಡುವವನೂ ಅವನೇ, ಬಾಕಿದಾರರ ನಲ್ಲಿ ಕತ್ತರಿಸಬೇಕಾದವನೂ ಅವನೇ. ಪಟ್ಟಿಯಲ್ಲಿ ಮೊದಲಿದ್ದದ್ದು ಮರಿಯಪ್ಪನವರ ಮನೆ, ಹದಿನಾಲ್ಕು ತಿಂಗಳ ಬಾಕಿ. ಅಂಗಳದ ನಲ್ಲಿಗೆ ಕಟ್ಟಿದ್ದ ಬಟ್ಟೆ ಒಗೆದು ಒಗೆದು ಜಾಳಾಗಿದ್ದರೂ ಮಲ್ಲಿಗೆಯಷ್ಟು ಬೆಳ್ಳಗಿತ್ತು. ನನ್ನ ಲೆಕ್ಕದ ಪ್ರಕಾರ ಅದು ಬಿಲ್ಲು ಕಟ್ಟುವ ಮನೆಯಾಗಬೇಕಿತ್ತು.

ಮರಿಯಪ್ಪನವರು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಈಗ ಉಬ್ಬಸ ಬಲಿತು ಹಾಸಿಗೆ ಹಿಡಿದಿದ್ದರು. "ಊರೋರ ಮದ್ವೆಗೆಲ್ಲ ಊದ್ಬುಟ್ಟೆ ಮೇಡಮ್ಮೋರೆ. ನಂಗೇ ಅಂತ ಒಸಿ ಗಾಳಿ ಉಳಿಸ್ಕೋಬೇಕಾಗಿತ್ತು" ಎಂದು ನಕ್ಕು, ಆ ನಗುವಿಗೇ ಕೆಮ್ಮಿದರು. ಅವರ ಹೆಂಡತಿ ಪುಟ್ಟತಾಯಮ್ಮ ಹಪ್ಪಳ ಒತ್ತಿ ಮಾರಿ ಸಂಸಾರ ತೂಗಿಸುತ್ತಿದ್ದರು. ಗಂಡನ ಬೆನ್ನು ನೀವುತ್ತಲೇ ನನಗೂ ಒಂದು ಲೋಟ ನೀರು ಕೊಟ್ಟರು.

"ಅರ್ಧ ದುಡ್ಡು ಬಿಟ್ಟಿದಾರಮ್ಮ. ಒಂದು ರುಜು ಹಾಕೋಕೇನು ಕಷ್ಟ? ನಾಡಿದ್ದು ಗವಿಯಪ್ಪ ಬಂದು ನಲ್ಲಿ ಕತ್ತರಿಸಿದ್ರೆ ಇವರನ್ನಿಟ್ಕೊಂಡು ಏನು ಮಾಡ್ತೀರ?" ಎಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ.

ಅವರು ನನ್ನ ಕೈಹಿಡಿದು ಅಂಗಳಕ್ಕೆ ಕರೆತಂದರು. ನಲ್ಲಿಯ ಬಟ್ಟೆಯನ್ನು ಬಿಚ್ಚಿ ಕಟ್ಟುತ್ತ, ಒಳಗೆ ಕೇಳಿಸದಂತೆ ಹೇಳಿದರು. "ಕತ್ತರಿಸ್ಕಂಡ್ ಹೋಗಿ ಕಣವ್ವ. ಬೋರಿಂದ ಹೊತ್ಕ ಬತ್ತೀನಿ. ರುಜು ಮಾತ್ರ ಹಾಕಾಕಿಲ್ಲ."

"ಯಾಕಮ್ಮ?"

"ನಲ್ಲಿ ಅವ್ರ ಹೆಸರಲ್ಲೈತೆ. ಅವ್ರು ನೋಡುದ್ರೆ ಹಿಂಗ್ ಮನಗವ್ರೆ. ಈ ಊರ ನೀರಿನ ಋಣ ತೀರ್ತು ಅಂತ ನಾನೇ ನನ್ ಕೈಯಾರ ಬರ್ಕೊಡ್ಲಾ?"

ನೀರಿನ ಋಣ ತೀರುವುದೆಂದರೆ ಊರು ಬಿಡುವುದು, ಇಲ್ಲವೇ ಲೋಕ ಬಿಡುವುದು. ನನಗೆ ಗೊತ್ತಿಲ್ಲದ ಮಾತೇ ಅದು? ನನ್ನ ಅಜ್ಜಿ ಹೋದಾಗ ಮನೆಯವರೆಲ್ಲ ಹೇಳಿದ್ದು ಅದನ್ನೇ. ಸ್ವಂತ ಅಕ್ಷರದ ಚಂದಕ್ಕೆ ಮರುಳಾದ ನನ್ನ ಕಿವಿಗೆ ಅದು ಬೀಳಲಿಲ್ಲ, ಅಷ್ಟೇ. ನಲವತ್ತಮೂರು ಮನೆಗಳಿಗೆ ನಾನು ಸಾವಿನ ಓಲೆ ಹಂಚಿದ್ದೆ. ಊರು ಬಿಡಲಿದ್ದ ದರ್ಜಿಯೊಬ್ಬ ಮಾತ್ರ ಅದನ್ನು ಸಂತೋಷದಿಂದ ಒಪ್ಪಿದ್ದ. ತುಂಬ ನಾಚಿಕೆಯಾಯಿತು.

"ನಂಗೆ ಮೊದ್ಲೇ ಗೊತ್ತಿತ್ತು" ಎಂದ ಗವಿಯಪ್ಪ.

"ಹೇಳಬಾರದಾಗಿತ್ತಾ?"

"ಓದ್ದೋರು ಬರ್ದಿದೀರ. ಬ್ಯಾರೆ ಏನಾರ ಅರ್ಥ ಇರ್ಬೋದು ಅನ್ಕಂಡೆ."

ಅಲ್ಲೇ ಜಗಲಿಯ ಮೇಲೆ ಕೂತು ತಲೆಬರಹಕ್ಕೆ ಅಡ್ಡಗೆರೆ ಎಳೆದೆ. ಒಕ್ಕಣೆಯನ್ನೂ ಹೊಡೆದುಹಾಕಿ, ಬಹುಮಾನದ ಕನ್ನಡವನ್ನು ಪಕ್ಕಕ್ಕಿಟ್ಟು ಬರೆದೆ: 'ಅರ್ಧ ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇವೆ. ನಮ್ಮ ಮನೆಗೆ ನೀರು ಹೀಗೆಯೇ ಬರುತ್ತಿರಲಿ.' ಪುಟ್ಟತಾಯಮ್ಮ ಅದನ್ನು ಎರಡು ಸಲ ಓದಿಸಿದರು.

"ಬತ್ತಿರ್ಲಿ ಅಂತ್ಲೇ ಐತಾ?"

"ಹಾಗೇ ಇದೆ."

ಹೆಬ್ಬೆಟ್ಟು ಒತ್ತಿದರು. ಮಾರನೆಯ ದಿನ ಉಳಿದವನ್ನೂ ಕೈಯಲ್ಲೇ ಬರೆದು ಹಂಚಿದೆ; ಕೊನೆಯ ದಿನ ಕಚೇರಿಯ ಬಾಗಿಲವರೆಗೂ ಸಾಲು ನಿಂತಿತು. "ಮೊದಲಿನದೂ ಚೆನ್ನಾಗೇ ಇತ್ತಲ್ಲಮ್ಮ" ಎಂದರು ಮುಖ್ಯಾಧಿಕಾರಿಗಳು.

ಪುಟ್ಟತಾಯಮ್ಮ ತಿಂಗಳು ತಪ್ಪದೆ ಬಂದು ಕಂತು ಕಟ್ಟಿದರು. ಬಂದಾಗಲೆಲ್ಲ ನಾಲ್ಕು ಹಪ್ಪಳ ನನ್ನ ಮೇಜಿನ ಮೇಲೆ ಇಡುವರು. ಬೇಡವೆಂದರೆ ಲಂಚವಲ್ಲ ತಿನ್ನು ಎಂದು ಗದರುವರು. ಏಳನೆಯ ಕಂತು ಕಟ್ಟಿದ ಮೇಲೆ ಮರಿಯಪ್ಪನವರು ತೀರಿಕೊಂಡರು.

ತಿಥಿ ಮುಗಿದ ವಾರ, ನಲ್ಲಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಬಂದರು. 'ಪುಟ್ಟತಾಯಮ್ಮ ಕೋಂ' ಎಂದು ಬರೆದು ನನ್ನ ಪೆನ್ನು ನಿಂತಿತು. ಗಂಡನ ಹೆಸರಿಗೆ ಮೊದಲು 'ಲೇಟ್' ಎಂದು ಸೇರಿಸುವುದು ಕಚೇರಿಯ ಪದ್ಧತಿ. ಒಮ್ಮೆ ಸುಟ್ಟುಕೊಂಡ ಕೈ, ಬರೆಯಲಿಲ್ಲ. ಪೆನ್ನು ನಿಂತದ್ದನ್ನು ಕಂಡು ಅವರೇ ಹೇಳಿದರು.

"ಅವತ್ತು ನಮ್ ಬೀದಿಗೆ ನೀರ್ ಬಿಡೋ ದಿನ ಕಣವ್ವ. ನೀರು ಅಂದ್ರು. ನಲ್ಲಿ ತಿರುವ್ದೆ, ಬಂತು. ಅದ್ನೇ ಬಾಯಿಗೆ ಬುಟ್ಟೆ. ತಣ್ಣಗದೆ ಅಂದ್ರು. ಅಷ್ಟೆಯ."

ನಾನು ತಲೆತಗ್ಗಿಸಿ 'ಮರಿಯಪ್ಪ' ಎಂದು ಬರೆದು ಮುಗಿಸಿದೆ. ಅಷ್ಟರಲ್ಲಿ ಅವರು ಗೋಡೆಯ ಗಡಿಯಾರ ನೋಡಿ, ಇವತ್ತೂ ನೀರು ಬಿಡುವ ದಿನವಲ್ಲವೇ ಎಂದು ಎದ್ದರು. ಕಿಟಕಿಯಿಂದ ನೋಡಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸಿಲಿನಲ್ಲಿ ಬೇಗಬೇಗ ಮನೆಯ ಕಡೆ ನಡೆಯುತ್ತಿದ್ದರು.